ಮಗ್ಗದ ಮನೆಗೂ ಬೇಕು ವಕೀಲರ ನೆರವು

ಬೆಂಗಳೂರಿನಲ್ಲಿ ಕಂಪನಿಗಳಿಗೆ ಕರಾರುಪತ್ರ ಬರೆದುಕೊಡುವುದು ನನ್ನ ವೃತ್ತಿ. ಹಣ ಯಾವ ದಿನ ಸಂದಾಯವಾಗಬೇಕು, ತಡವಾದರೆ ಬಡ್ಡಿ ಎಷ್ಟು, ವ್ಯಾಜ್ಯ ಬಂದರೆ ಯಾವ ಊರಿನಲ್ಲಿ ತೀರ್ಮಾನ, ಸರಕಿನ ಹೆಸರನ್ನು ಯಾರು ಬಳಸಬಹುದು? ಎಷ್ಟೇ ದೊಡ್ಡ ವಹಿವಾಟಾದರೂ ಕೊನೆಗೆ ಉಳಿಯುವುದು ಈ ನಾಲ್ಕು ಪ್ರಶ್ನೆಗಳೇ. ಇವಕ್ಕೆ ಉತ್ತರ ಬರೆಯಿಸಿಕೊಳ್ಳಲು ದೊಡ್ಡ ಉದ್ಯಮಗಳು ವಕೀಲರ ತಂಡಗಳನ್ನೇ ಇಟ್ಟುಕೊಂಡಿರುತ್ತವೆ.

ಇದೇ ಪ್ರಶ್ನೆಗಳು ಮಗ್ಗದ ಮನೆಯಲ್ಲೂ ಇವೆ ಎಂಬುದು ನನಗೆ ಮನವರಿಕೆಯಾದದ್ದು ಬಂಧುಗಳ ಮದುವೆಗೆಂದು ಮೊಳಕಾಲ್ಮೂರಿಗೆ ಹೋದಾಗ. ಹಿರಿಯ ನೇಕಾರರೊಬ್ಬರು ತಮ್ಮ ಲೆಕ್ಕದ ಪುಸ್ತಕ ತೋರಿಸಿದರು. ರೇಷ್ಮೆ ಸೀರೆಗಳನ್ನು ಒಯ್ದ ಅಂಗಡಿಯವರು ಹತ್ತು ತಿಂಗಳಾದರೂ ಬಾಕಿ ತೀರಿಸಿರಲಿಲ್ಲ. ರಸೀದಿ ಇದೆಯೇ ಎಂದು ಕೇಳಿದೆ. ‘ನಂಬಿಕೆ ಮೇಲೆ ಕೊಟ್ಟಿದ್ದು ಸ್ವಾಮೀ. ಕಾಗದ ಕೇಳಿದರೆ ಮುಂದಿನ ಸಲ ನಮ್ಮ ಮನೆ ಬಾಗಿಲಿಗೇ ಬರೋದಿಲ್ಲ’ ಎಂದರು.

ಆ ಹಿರಿಯರ ಪರವಾಗಿ ಕಾನೂನು ಇಲ್ಲವೆಂದಲ್ಲ. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿದ್ದರೂ ಸರಕು ಸ್ವೀಕರಿಸಿದ 45 ದಿನಗಳೊಳಗೆ ಹಣ ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನಗಳೊಳಗೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಿರು ಮತ್ತು ಸಣ್ಣ ಉದ್ಯಮಗಳ ಬಾಕಿಯನ್ನು ಅವಧಿಯೊಳಗೆ ತೀರಿಸದ ಖರೀದಿದಾರ, ಹಣ ಕೊಡುವವರೆಗೆ ಅದನ್ನು ವರಮಾನ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ ಎಂಬ ನಿಯಮವೂ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆದರೆ ಇವೆಲ್ಲದರ ಫಲ ನಿಶ್ಚಿಂತೆಯಿಂದ ದೊರೆಯಬೇಕಾದರೆ ಸರಕು ಕೊಡುವ ಮೊದಲೇ ‘ಉದ್ಯಮ್’ ನೋಂದಣಿ ಆಗಿರಬೇಕು. ಸರಕು ತಲುಪಿತೆಂಬುದಕ್ಕೆ ಒಂದು ಚೀಟಿಯಾದರೂ ಇರಬೇಕು. ನೋಂದಣಿಗೆ ಶುಲ್ಕವಿಲ್ಲ. ಅದನ್ನು ಹೇಳಿಕೊಡುವವರಿಲ್ಲ, ಅಷ್ಟೆ.

ಪಕ್ಕದ ಚಳ್ಳಕೆರೆಯ ಸ್ಥಿತಿಯೂ ಬೇರೆಯಲ್ಲ. ಶೇಂಗಾ ಎಣ್ಣೆಯ ಗಿರಣಿಗಳಿಂದ ಹೆಸರಾದ ಊರದು. ಹೊರರಾಜ್ಯದ ವರ್ತಕ ತನ್ನ ಊರಿನ ನ್ಯಾಯಾಲಯವೇ ಅಂತಿಮವೆಂದು ಖರೀದಿ ಪತ್ರದಲ್ಲಿ ಅಚ್ಚು ಹಾಕಿಸಿದ್ದರೆ, ಸಣ್ಣ ಗಿರಣಿಯ ಮಾಲೀಕ ಬಾಕಿಯ ಆಸೆಯನ್ನೇ ಬಿಟ್ಟುಬಿಡುತ್ತಾನೆ. ಮೇಲಿನ ಕಾಯ್ದೆ ಇದಕ್ಕೂ ದಾರಿ ತೋರಿಸಿದೆ: ಖರೀದಿದಾರ ದೇಶದ ಯಾವ ಮೂಲೆಯಲ್ಲಿರಲಿ, ಸರಕು ಕೊಟ್ಟವನ ರಾಜ್ಯದ ಸೌಲಭ್ಯ ಮಂಡಳಿಯ ಮುಂದೆ ದೂರು ಸಲ್ಲಿಸಬಹುದು. ಖಾಸಗಿ ಕರಾರಿಗಿಂತ ಈ ಕಾಯ್ದೆಯೇ ಮೇಲು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ.

ಇನ್ನು ಹೆಸರಿನ ಮಾತು. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆದರೆ ಊರಿಗೆ ಸಂದ ಮಾನ್ಯತೆ ತಾನಾಗಿ ನೇಕಾರನ ಕೈ ಸೇರುವುದಿಲ್ಲ. ಚೆನ್ನೈನ ನೋಂದಣಿ ಕಚೇರಿಯಲ್ಲಿ ಆತ ‘ಅಧಿಕೃತ ಬಳಕೆದಾರ’ನಾಗಿ ಹೆಸರು ಬರೆಸಿಕೊಂಡಾಗಲೇ ನಕಲಿ ಸೀರೆಯ ವಿರುದ್ಧ ದಾವೆ ಹೂಡುವ ಹಕ್ಕು ಬರುತ್ತದೆ. ಈ ಅರ್ಜಿಯ ಶುಲ್ಕವನ್ನು 2020ರಲ್ಲಿ 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಲಾಯಿತು. ಶುಲ್ಕ ಇಳಿದರೂ ಅರ್ಜಿ ತುಂಬುವ ಕಷ್ಟ ಇಳಿಯಲಿಲ್ಲ.

ಇಲ್ಲಿನ ನೋಂದಣಿಗೆ ದೇಶದ ಗಡಿಯಾಚೆ ಬಲವಿಲ್ಲ. ಹೊರಗೆ ಆಯಾ ದೇಶದ ಕಾನೂನಿನಂತೆ ಪ್ರತ್ಯೇಕ ರಕ್ಷಣೆ ಪಡೆಯಬೇಕು. ಯುರೋಪಿಯನ್ ಒಕ್ಕೂಟ 2025ರ ಡಿಸೆಂಬರ್ 1ರಿಂದ ಕರಕುಶಲ ವಸ್ತುಗಳ ಊರಹೆಸರಿಗೂ ರಕ್ಷಣೆಯ ಬಾಗಿಲು ತೆರೆದಿದೆ. ಬೇರೆ ದೇಶದವರೂ ಅರ್ಜಿ ಹಾಕಬಹುದು. ಆದರೆ ಆ ಅರ್ಜಿಯನ್ನು ಮಗ್ಗದ ಮುಂದೆ ಕುಳಿತವರು ಒಬ್ಬರೇ ಬರೆಯಲಾದೀತೇ?

ಒಬ್ಬನೇ ನೇಕಾರ ರಸೀದಿ ಕೇಳಿದರೆ ಗಿರಾಕಿ ತಪ್ಪಬಹುದು. ಆ ಹಿರಿಯರ ಭಯ ಸುಳ್ಳಲ್ಲ. ಊರಿನವರೆಲ್ಲ ಒಂದೇ ನಮೂನೆಯ ರಸೀದಿ ಕೇಳಿದರೆ ಗಿರಾಕಿ ಎಲ್ಲಿಗೆ ಹೋದಾನು? ನೇಕಾರರ ಸಹಕಾರ ಸಂಘಗಳು ಕೂಡಿ ಒಬ್ಬ ವಕೀಲರನ್ನು ನೇಮಿಸಿಕೊಳ್ಳುವುದು ದುಬಾರಿಯಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗಳು ಜಮೀನು, ಜೀವನಾಂಶದ ತಕರಾರುಗಳ ಜೊತೆಗೆ ತಿಂಗಳಲ್ಲಿ ಒಂದು ದಿನ ಮಗ್ಗ–ಗಿರಣಿಗಳ ಕಾಗದಪತ್ರಕ್ಕೂ ಮೀಸಲಿಡಲಿ. ನನ್ನಂತಹ ನಗರದ ವಕೀಲರು ಆ ದಿನ ಅಲ್ಲಿಗೆ ಹೋಗಲಿ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಅದರ ಕೊನೆಯಲ್ಲಿ ಬರೆದವನ ಹೆಸರೂ ಇದೆ: ಲಿಪಿಕಾರ ಚಪಡ. ಬರೆದುಕೊಟ್ಟು ಹೆಸರು ಹಾಕಿದ್ದರಿಂದಲೇ ಎರಡು ಸಾವಿರ ವರ್ಷ ಕಳೆದರೂ ಆ ಕೆಲಸ ಯಾರದೆಂಬ ತಕರಾರಿಲ್ಲ. ಸೀರೆ ನೇಯ್ದವರ ಹೆಸರೂ ಒಂದು ಕಾಗದದ ಮೇಲಾದರೂ ಇರಬೇಡವೇ?