ಕಾಂಕ್ರೀಟಿನಲ್ಲಿ ಬೋಲ್ಟು ಕೂರಿಸಲು ಯಾವ ರೆಸಿನ್ ಯೋಗ್ಯ?



ಪಲ್ಪರ್, ಅಡಿಕೆ ಸುಲಿಯುವ ಯಂತ್ರ, ಪಂಪುಸೆಟ್ಟು ಮುಂತಾದವುಗಳಿಗೆ ಹೊಸದಾಗಿ ಪೀಠ ಕಟ್ಟಿಸುವುದಾದರೆ, ಹಸಿ ಕಾಂಕ್ರೀಟಿನಲ್ಲೇ ಬುಡ ಬಾಗಿಸಿದ ಬೋಲ್ಟುಗಳನ್ನು ಹೂಳುವುದು ಉತ್ತಮವೂ ಅಗ್ಗವೂ ಆದ ಕ್ರಮ. ಆದರೆ ಹಳೆಯ ಪೀಠದ ಮೇಲೆ ಹೊಸ ಯಂತ್ರ ಬಂದಾಗ ರಂಧ್ರಗಳು ಹೊಂದುವುದಿಲ್ಲ. ಆಗ ಕಾಂಕ್ರೀಟು ಕೊರೆದು ಬೋಲ್ಟು ಕೂರಿಸಬೇಕಾಗುತ್ತದೆ. ಬಿಗಿದಂತೆಲ್ಲ ಅಗಲವಾಗಿ ಹಿಡಿಯುವ ಬೋಲ್ಟುಗಳು ಪೀಠದ ಅಂಚಿನಲ್ಲಿ ಕಾಂಕ್ರೀಟನ್ನು ಸೀಳಬಹುದು; ಯಂತ್ರದ ಅದುರಿಗೆ ಸಡಿಲವಾಗಲೂಬಹುದು. ಕೆಮಿಕಲ್ ಆಂಕರ್ ಎಂದು ಅಂಗಡಿಗಳಲ್ಲಿ ಸಿಗುವ ರೆಸಿನ್ ಹಾಗಲ್ಲ. ಅದು ಬೋಲ್ಟನ್ನು ರಂಧ್ರದ ಉದ್ದಕ್ಕೂ ಅಂಟಿಸಿ ಹಿಡಿಯುತ್ತದೆ.

ಇದರಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ.

1. ಪಾಲಿಯೆಸ್ಟರ್: ಬೆಲೆ ಕಡಿಮೆ, ಬೇಗ ಗಟ್ಟಿಯಾಗುತ್ತದೆ. ಆದರೆ ಗಟ್ಟಿಯಾಗುವಾಗ ಕುಗ್ಗುತ್ತದೆ, ಕಾಂಕ್ರೀಟಿನ ಕ್ಷಾರಗುಣವನ್ನು ಬಹುಕಾಲ ತಾಳುವುದಿಲ್ಲ. ಒಣ ಜಾಗದಲ್ಲಿ ಪೈಪಿನ ಹಿಡಿ, ಸ್ವಿಚ್ ಬೋರ್ಡು ಮೊದಲಾದ ಹಗುರ ಕೆಲಸಕ್ಕೆ ಸಾಕು.

2. ವಿನೈಲೆಸ್ಟರ್: ಬೆಲೆಯಲ್ಲೂ ಬಲದಲ್ಲೂ ನಡುವಿನದು. ತೇವವನ್ನೂ ಕ್ಷಾರವನ್ನೂ ಮೇಲಾಗಿ ತಾಳುತ್ತದೆ. ಪಲ್ಪರ್, ಪಂಪುಸೆಟ್ಟು, ಶೆಡ್ಡಿನ ಕಂಬದ ಬುಡ ಇವುಗಳಿಗೆ ನಮ್ಮಂಥವರಿಗೆ ಹೆಚ್ಚಾಗಿ ಒಪ್ಪುವುದು ಇದೇ.

3. ಎಪಾಕ್ಸಿ: ಕುಗ್ಗುವುದು ತೀರ ಕಡಿಮೆ, ಬಲ ಹೆಚ್ಚು. ದಪ್ಪ ಬೋಲ್ಟುಗಳಿಗೂ ಹಳೆಯ ಕಾಂಕ್ರೀಟಿಗೆ ಹೊಸ ಕಬ್ಬಿಣದ ಸರಳು ಜೋಡಿಸುವುದಕ್ಕೂ ತಕ್ಕದ್ದು. ಆದರೆ ದುಬಾರಿ, ಗಟ್ಟಿಯಾಗಲು ಹಲವು ಗಂಟೆಗಳೇ ಬೇಕು. ಡಿಸೆಂಬರ್, ಜನವರಿ ತಿಂಗಳ ಚಳಿಯಲ್ಲಿ ಇನ್ನೂ ತಡವಾಗುತ್ತದೆ.

ಬಲವೊಂದನ್ನೇ ನೋಡಿ ಕೊಳ್ಳುವುದು ಅಪಾಯ ಎಂಬುದಕ್ಕೆ ಅಮೆರಿಕದ ಬಾಸ್ಟನ್ ನಗರದ ಸುರಂಗಮಾರ್ಗವೇ ಸಾಕ್ಷಿ. ಅಲ್ಲಿ ಕಾಂಕ್ರೀಟು ಹಲಗೆಗಳ ಒಳಮಾಳಿಗೆಯನ್ನು ಎಪಾಕ್ಸಿಯಿಂದ ಕೂರಿಸಿದ ಬೋಲ್ಟುಗಳಿಗೆ ತೂಗುಹಾಕಿದ್ದರು. 2006ರ ಜುಲೈ 10ರಂದು ಸುಮಾರು 26 ಟನ್ ಭಾರ ಕಾರೊಂದರ ಮೇಲೆ ಕುಸಿದು ಮಹಿಳೆಯೊಬ್ಬರು ಮೃತಪಟ್ಟರು. ಬಳಸಿದ್ದು ಬೇಗ ಗಟ್ಟಿಯಾಗುವ ಬಗೆಯ ಎಪಾಕ್ಸಿ. ಎಳೆದು ನೋಡಿದ ಪರೀಕ್ಷೆಯಲ್ಲಿ ಅದು ಭಾರ ತಡೆದಿತ್ತು. ಆದರೆ ವರ್ಷಗಟ್ಟಲೆ ಬಿಡುವಿಲ್ಲದ ಎಳೆತಕ್ಕೆ ಒಳಗಿಂದೊಳಗೇ ನಿಧಾನವಾಗಿ ಜಗ್ಗುತ್ತ ಬಂದಿತ್ತೆಂದು 2007ರ ತನಿಖಾ ವರದಿ ತಿಳಿಸಿತು. 1999ರಲ್ಲೇ ಕೆಲವು ಬೋಲ್ಟುಗಳು ಜಾರಿದ್ದು ಕಂಡುಬಂದಿತ್ತು.

ಇದರಿಂದ ನಾವು ತಿಳಿಯತಕ್ಕದ್ದು ಎರಡು. ತಲೆಯ ಮೇಲೆ ಸದಾ ತೂಗುವ ಭಾರವನ್ನು, ಅಂದರೆ ಚೀಲ ಎತ್ತುವ ರಾಟೆ, ನೀರಿನ ಟ್ಯಾಂಕು ಮುಂತಾದುವನ್ನು, ರೆಸಿನ್ ನಂಬಿ ನೇತುಹಾಕಬಾರದು. ತೊಲೆಯ ಆರಪಾರ ಬೋಲ್ಟು ಹಾಯಿಸಿ ಆಚೆ ಬದಿಗೆ ಕಬ್ಬಿಣದ ತಗಡು ಕೊಟ್ಟು ಬಿಗಿಯುವುದೇ ಕ್ಷೇಮ. ಎರಡನೆಯದು, ಸ್ವಲ್ಪವೇ ಮೇಲೆದ್ದ ಬೋಲ್ಟನ್ನು ಮತ್ತೆ ಬಿಗಿದು ಸುಮ್ಮನಾಗದೆ ಕಾರಣ ಹುಡುಕಬೇಕು.

ಬಿಸಿಗೂ ರೆಸಿನ್ ಮೆದುವಾಗುತ್ತದೆ. ಅಡಿಕೆ ಬೇಯಿಸುವ ಒಲೆ, ಡ್ರೈಯರಿನ ಕುಲುಮೆ ಇವುಗಳ ಬಳಿ ಬೇಡ. ಜಂಬಿಟ್ಟಿಗೆ ಗೋಡೆಗೆ ಕಾಂಕ್ರೀಟಿನ ಲೆಕ್ಕ ಅನ್ವಯಿಸದು. ಟೊಳ್ಳು ಬ್ಲಾಕಿನ ಗೋಡೆಯಾದರೆ ಜಾಲರಿ ಕೊಳವೆ ಹಾಕದೆ ರೆಸಿನ್ ತುಂಬಿದರೆ ಅದು ಒಳಗೇ ಸೋರಿಹೋಗುತ್ತದೆ.

ಯಾವ ಬಗೆಯಾದರೂ ಕೂರಿಸುವ ಕ್ರಮ ಸರಿಯಿಲ್ಲದಿದ್ದರೆ ಹಣ ದಂಡ. ಕಾಂಕ್ರೀಟಿಗೆ 28 ದಿನವಾದರೂ ಆಗಿರಲಿ. 12 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 14 ಮಿ.ಮೀ. ರಂಧ್ರ, ಸುಮಾರು 110 ಮಿ.ಮೀ. ಆಳ ಬೇಕು, ಪೀಠ ಅದಕ್ಕಿಂತ ಸಾಕಷ್ಟು ದಪ್ಪವಿರಬೇಕು. ಹೆಚ್ಚಿನವರು ತಪ್ಪುವುದು ಧೂಳಿನ ವಿಷಯದಲ್ಲಿ. ಧೂಳು ಉಳಿದರೆ ರೆಸಿನ್ ಅಂಟುವುದು ಧೂಳಿಗೇ ಹೊರತು ಕಾಂಕ್ರೀಟಿಗಲ್ಲ. ಕೈಪಂಪಿನಿಂದ ಊದಿ, ತಂತಿ ಬ್ರಷ್ಷಿನಿಂದ ಉಜ್ಜಿ, ಮತ್ತೆ ಊದಬೇಕು. ಇದನ್ನು ಡಬ್ಬಿಯ ಮೇಲೆ ಹೇಳಿದಷ್ಟು ಸಲ ಮಾಡಬೇಕು. ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ, ಕೈಗೆ ಗವುಸು ಇರಲಿ.

ಮೂತಿಯಿಂದ ಮೊದಲು ಬರುವ ರೆಸಿನ್ ಸರಿಯಾಗಿ ಬೆರೆತಿರುವುದಿಲ್ಲ. ಬಣ್ಣ ಒಂದೇ ಸಮನಾಗುವವರೆಗೆ ಹೊರಗೆ ಚೆಲ್ಲಿರಿ. ಬಳಿಕ ತಳದಿಂದ ಮೇಲಕ್ಕೆ ಮೂರರಲ್ಲಿ ಎರಡು ಪಾಲು ತುಂಬಿ, ಎಣ್ಣೆಯ ಅಂಶವಿಲ್ಲದ ಬೋಲ್ಟನ್ನು ತಿರುಗಿಸುತ್ತ ಇಳಿಸಬೇಕು. ರೆಸಿನ್ ಬಾಯಿಯಲ್ಲಿ ಸ್ವಲ್ಪ ಉಕ್ಕಿದರೆ ತುಂಬಿದೆ ಎಂದರ್ಥ. ಡಬ್ಬಿಯ ಮೇಲೆ ಆ ದಿನದ ತಾಪಮಾನಕ್ಕೆ ನಮೂದಿಸಿದ ಅವಧಿ ಕಳೆಯುವ ತನಕ ಬೋಲ್ಟನ್ನು ಮುಟ್ಟಬಾರದು, ನಟ್ಟು ಬಿಗಿಯಬಾರದು.

ಕೊಳ್ಳುವಾಗ ಅವಧಿ ಮೀರುವ ದಿನಾಂಕವನ್ನು ತಪ್ಪದೆ ನೋಡಿರಿ. ಫಿಟ್ಟರನಿಗೆ ಕೆಲಸ ಒಪ್ಪಿಸಿದರೂ, ರಂಧ್ರ ಶುಚಿಮಾಡುವ ಹೊತ್ತಿಗೆ ತಾವೇ ಎದುರು ನಿಂತಿರುವುದು ಒಳ್ಳೆಯದು. ಬೋಲ್ಟು ಒಳಗೆ ಹೋದ ಮೇಲೆ ಏನೂ ಕಾಣುವುದಿಲ್ಲ.

- ಕಾರ್ಯದರ್ಶಿ