ಕಾಣದ ಸೂಚನೆ, ಕಲಿಯುವ ಮನಸ್ಸು

ಪಾಠವು ತಲೆಗೆ ಹತ್ತಬೇಕಾದರೆ ಮನಸ್ಸು ಪ್ರಸನ್ನವಾಗಿರಬೇಕೆಂಬುದು ಮಕ್ಕಳನ್ನು ಓದಿಸಿರುವ ಗೃಹಸ್ಥರೆಲ್ಲರಿಗೂ ವಿದಿತವೇ. ಲೆಕ್ಕವೆಂದೊಡನೆ ಅಂಜುವ ಹುಡುಗನಿಗೆ ಬಲ್ಲ ಉಪಾಧ್ಯಾಯನು ಮೊದಲು ಧೈರ್ಯ ಹೇಳಿ, ಬಳಿಕ ಲೆಕ್ಕವನ್ನು ಹೇಳಿಕೊಡುವನು. ಈಗ ಅನೇಕ ಮನೆಗಳಲ್ಲಿ ಕಂಪ್ಯೂಟರೇ ಉಪಾಧ್ಯಾಯನ ಪೀಠವನ್ನೇರಿರುವುದರಿಂದ, ಆ ಯಂತ್ರವು ಶಿಷ್ಯನ ಮನಸ್ಸನ್ನು ಹೇಗೆ ಸಂತೈಸಬೇಕೆಂಬ ಪ್ರಶ್ನೆಯು ಹುಟ್ಟಿರುವುದು. ಇದಕ್ಕೆ ಕೆಲವು ವಿದ್ವಾಂಸರು ಸೂಚಿಸಿರುವ ಉಪಾಯವು ವಿಚಿತ್ರವಾದುದು: ಶಿಷ್ಯನ ಅರಿವಿಗೇ ಬಾರದಂತೆ ಅವನ ಮನಸ್ಸಿಗೆ ಸೂಚನೆಯನ್ನು ಕೊಡುವುದು!

ಇದು ಹೇಗೆ ಸಾಧ್ಯವೆಂಬುದನ್ನು ನೋಡೋಣ. ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ ಮಿಲಿಸೆಕೆಂಡು ಎಂದು ಹೆಸರು. ಸಾಮಾನ್ಯವಾದ ಕಂಪ್ಯೂಟರಿನ ತೆರೆಯು ಸೆಕೆಂಡಿಗೆ 60 ಸಾರಿ ಚಿತ್ರವನ್ನು ಹೊಸದಾಗಿ ಮೂಡಿಸುವುದು. ಎಂದರೆ ಒಂದು ಚಿತ್ರದ ಆಯುಸ್ಸು ಸುಮಾರು 17 ಮಿಲಿಸೆಕೆಂಡು. ಅಂತಹ ಒಂದೆರಡು ಚಿತ್ರಗಳ ಕಾಲ ಮಾತ್ರ ಒಂದು ಪದವನ್ನೋ ಮುಖವನ್ನೋ ತೋರಿಸಿ, ಕೂಡಲೆ ಅರ್ಥವಿಲ್ಲದ ಗೆರೆಗಳಿಂದ ಮರೆಮಾಡಿದರೆ, ತಾನು ಏನನ್ನಾದರೂ ಕಂಡೆನೆಂಬುದೇ ನೋಡುವವನಿಗೆ ತಿಳಿಯದು.

ಆದರೂ ಅದರ ಛಾಯೆಯು ಮನಸ್ಸಿನ ಮೇಲೆ ಬೀಳಬಲ್ಲದು. ಅಮೆರಿಕದ ಮರ್ಫಿ ಮತ್ತು ಝಾಯನ್ಸ್ ಎಂಬ ಮನಶ್ಶಾಸ್ತ್ರಜ್ಞರು 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಗುಮುಖವನ್ನೋ ಸಿಡುಕುಮುಖವನ್ನೋ ಕೇವಲ 4 ಮಿಲಿಸೆಕೆಂಡು ತೋರಿಸಿ, ಬಳಿಕ ಒಂದು ಚೀನೀ ಅಕ್ಷರವನ್ನು ತೋರಿಸಿದರು. ನಗುಮುಖದ ಬೆನ್ನಿಗೆ ಬಂದ ಅಕ್ಷರವು ನೋಡಿದವರಿಗೆ ಹೆಚ್ಚು ಹಿಡಿಸಿತು. ಮುಖವನ್ನು ಒಂದು ಸೆಕೆಂಡು ಸ್ಪಷ್ಟವಾಗಿ ತೋರಿಸಿದಾಗಲಾದರೋ ಆ ಪ್ರಭಾವವು ಕಾಣಲಿಲ್ಲ.

ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಕ್ಲೋಡ್ ಫ್ರಾಸೋನ್ ಮತ್ತು ಅವರ ಸಂಗಡಿಗರು 2008ರಿಂದೀಚೆಗೆ ಈ ತತ್ತ್ವವನ್ನು ಯಂತ್ರಬೋಧನೆಗೆ ಅಳವಡಿಸಿ ನೋಡಿದರು. ಮಾಯಾಚೌಕಗಳನ್ನು ರಚಿಸುವ ಪಾಠದ ನಡುವೆ ಮರೆಯ ಸೂಚನೆಗಳನ್ನು ಮಿಂಚಿಸಿ, ಕಲಿಯುವವರ ಮೆದುಳಿನ ವಿದ್ಯುತ್ತರಂಗಗಳನ್ನೂ ಅಳೆದರು. ಮತ್ತೊಂದು ಪ್ರಯೋಗದಲ್ಲಿ ಆತ್ಮಗೌರವವನ್ನು ಹೆಚ್ಚಿಸಲು ಯತ್ನಿಸಿದರು. ಸೂಚನೆಯನ್ನು ಪಡೆದವರ ಸಾಧನೆಯು ಮೇಲಾಯಿತೆಂದು ಅವರು ವರದಿಮಾಡಿರುವರು. ಆದರೆ ಇವು ಚಿಕ್ಕ ಪ್ರಯೋಗಗಳೆಂಬುದನ್ನು ಮರೆಯಲಾಗದು.

ಎಚ್ಚರಕ್ಕೆ ಹಳೆಯ ಕಥೆಯೊಂದುಂಟು. 1957ರಲ್ಲಿ ಜೇಮ್ಸ್ ವಿಕರಿ ಎಂಬ ಅಮೆರಿಕದವನು, ಚಲಚ್ಚಿತ್ರದ ನಡುವೆ ಕಾಣದ ಮಾತುಗಳನ್ನು ಮಿಂಚಿಸಿ ಜೋಳದರಳಿನ ಮಾರಾಟವನ್ನು ಬೆಳೆಸಿದೆನೆಂದು ಸಾರಿದನು. ಲೋಕವೇ ಬೆದರಿತು. 1962ರಲ್ಲಿ ತನ್ನ ಬಳಿ ಸಾಕಷ್ಟು ಆಧಾರವಿರಲಿಲ್ಲವೆಂದು ಅವನೇ ಒಪ್ಪಿಕೊಂಡನು.

ಐರೋಪ್ಯ ಒಕ್ಕೂಟವು 2024ರಲ್ಲಿ ಮಾಡಿದ ಕಾನೂನು, ಅರಿವಿಗೆ ಬಾರದ ತಂತ್ರಗಳಿಂದ ಜನರ ನಡೆಯನ್ನು ಕೆಡಿಸಿ ಗಣನೀಯವಾದ ಹಾನಿಯನ್ನುಂಟುಮಾಡುವ ಕೃತಕ ಬುದ್ಧಿಯ ಯಂತ್ರಗಳನ್ನು ನಿಷೇಧಿಸಿರುವುದು. ವೈದ್ಯಕೀಯ ಅಥವಾ ಸುರಕ್ಷತೆಯ ಕಾರಣವಿಲ್ಲದೆ ವಿದ್ಯಾಲಯಗಳಲ್ಲಿ ಯಂತ್ರವು ಭಾವನೆಗಳನ್ನು ಊಹಿಸುವುದೂ ಅಲ್ಲಿ ನಿಷಿದ್ಧ. ಈ ನಿಷೇಧಗಳು 2025ರ ಫೆಬ್ರವರಿ 2ರಿಂದ ಜಾರಿಗೆ ಬಂದಿವೆ. ಹಾನಿಯಿಲ್ಲದ, ಸದುದ್ದೇಶದ ಸೂಚನೆಯ ಪ್ರಶ್ನೆಯಾದರೋ ತಾಯಿತಂದೆಗಳ ವಿವೇಚನೆಗೇ ಉಳಿಯುವುದು.

ಗುರುವಿನ ಪ್ರೋತ್ಸಾಹವು ಶಿಷ್ಯನ ಕಿವಿಗೆ ಬೀಳುವುದು. ಅದನ್ನು ನಂಬಬಹುದು, ನಂಬದೆಯೂ ಇರಬಹುದು. ಕಾಣದ ಸೂಚನೆಯಲ್ಲಿ ಈ ಸ್ವಾತಂತ್ರ್ಯವಿಲ್ಲ. ಆದುದರಿಂದ ಮಕ್ಕಳ ಕೈಗೆ ಬೋಧನಯಂತ್ರವನ್ನು ಕೊಡುವ ಮುನ್ನ, ಅದು ಏನನ್ನು ತೋರಿಸುವುದು, ಮಗುವಿನಲ್ಲಿ ಏನನ್ನು ಗಮನಿಸುವುದು ಎಂದು ವಿಚಾರಿಸಿಕೊಳ್ಳುವುದು ಲೇಸು. ಅಂಜಿದ ಮಗುವಿಗೆ ಧೈರ್ಯ ಹೇಳಲು ಮಿಲಿಸೆಕೆಂಡುಗಳ ಮರೆ ಬೇಕಿಲ್ಲ. ಬಳಿಯಲ್ಲಿ ಕುಳಿತು ಬಾಯಿಬಿಟ್ಟು ಹೇಳಬಹುದೆಂದು ನಾವು ಭಾವಿಸುವೆವು.