ದವಡೆಗೆ ಕಾಲಿನೆಲುಬು, ಕಾವಲಿಗೆ ಸಿಸ್ಟರ್

ಮಂಚದ ತುದಿಗೆ ತೂಗುಹಾಕಿದ ಹಾಳೆಯಲ್ಲಿ ಐದು ಕಾಲಂಗಳಿವೆ: ಬಣ್ಣ, ಬಿಸಿ, ಮೆದುತನ, ಒತ್ತಿಬಿಟ್ಟರೆ ರಕ್ತ ಮರಳುವ ವೇಗ, ನಾಳದೊಳಗಿನ ರಕ್ತದ ಓಟವನ್ನು ಕೇಳಿಸುವ ಡಾಪ್ಲರ್ ಯಂತ್ರದ ಸದ್ದು. ಗಂಟೆಗೊಂದು ಸಾಲು ತುಂಬಬೇಕು. ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯೊಂದರ ಐಸಿಯುನಲ್ಲಿ ಈ ಹಾಳೆಯನ್ನು ವರ್ಷಗಳಿಂದ ತುಂಬುತ್ತಿರುವ ಹಿರಿಯ ಸಿಸ್ಟರ್ ಒಬ್ಬರಿದ್ದಾರೆ. ಹೆಸರು ಹಾಕಬೇಡಿ ಎಂದರು. ಸರ್ಜನ್ನರನ್ನು ಮಾತಾಡಿಸಲು ಹೋದವನು ಹೆಚ್ಚು ಹೊತ್ತು ಕೂತದ್ದು ಇವರ ಪಕ್ಕದಲ್ಲೇ.

ಮಂಚದ ಮೇಲಿದ್ದವರು ಚಿತ್ರದುರ್ಗ ಕಡೆಯ ರೈತ. ಕೆಳ ಒಸಡಿನಲ್ಲಿ ಹುಟ್ಟಿದ ಹುಣ್ಣು ಎಲುಬಿಗೆ ಇಳಿದಿತ್ತು. ಹಿಂದಿನ ದಿನ ದವಡೆಯ ಮುಂಭಾಗವನ್ನು ತೆಗೆದು, ಆ ಜಾಗಕ್ಕೆ ಅವರದೇ ಎಡಗಾಲಿನ ಎಲುಬನ್ನು ಕೂರಿಸಿದ್ದರು. ಎಲುಬಿನ ಜೊತೆಗೇ ಬಂದ ಕಾಲಿನ ಚರ್ಮದ ತುಂಡು ಈಗ ಬಾಯಿಯ ಒಳಗೋಡೆ. ಸಿಸ್ಟರ್ ಟಾರ್ಚ್ ಹಿಡಿದು ಬಗ್ಗಿದರು. ಗುಲಾಬಿ ಬಣ್ಣದ ಬಾಯೊಳಗೆ ಗೋಧಿಗಪ್ಪಿನ ಚರ್ಮ, ಅದರಲ್ಲಿ ನಾಲ್ಕಾರು ಕೂದಲು. ಬೆರಳಿನಿಂದ ಒತ್ತಿ ಬಿಟ್ಟರು. ಬಿಳಿಚಿ, ಮತ್ತೆ ಬಣ್ಣ ತುಂಬಿತು. ‘ಸರಿಯಾಗಿದೆ ಯಜಮಾನ್ರೇ, ಕಣ್ಣು ಮುಚ್ಕೊಳ್ಳಿ’ ಎಂದರು. ಕುತ್ತಿಗೆಗೆ ಉಸಿರಿನ ಕೊಳವೆ ಹಾಕಿದ್ದರಿಂದ ಯಜಮಾನರಿಗೆ ಮಾತಿಲ್ಲ. ಸ್ಲೇಟಿನ ಮೇಲೆ ‘ಕಾಲು ನೋವು’ ಎಂದು ಬರೆದು ತೋರಿಸಿದರು. ಬಾಯಿಯ ನೋವಿನ ಮಾತೇ ಇಲ್ಲ!

ಸಿಸ್ಟರ್ ಹುಡುಕುವುದು ಎರಡು ಅಪಾಯಗಳನ್ನು. ಚರ್ಮ ಬಿಳಿಚಿ ತಣ್ಣಗಾದರೆ ರಕ್ತ ಒಳಗೆ ಬರುತ್ತಿಲ್ಲ, ಅಪಧಮನಿ ಕಟ್ಟಿದೆ. ನೀಲಿಗಟ್ಟಿ, ಉಬ್ಬಿ, ಒತ್ತಿದ ತಕ್ಷಣ ಬಣ್ಣ ಮರಳಿದರೆ ಬಂದ ರಕ್ತ ಹೊರಗೆ ಹೋಗುತ್ತಿಲ್ಲ, ಅಭಿಧಮನಿ ಕಟ್ಟಿದೆ. ಅನುಮಾನ ಬಂದಾಗ ಸೂಜಿಯಿಂದ ಚುಚ್ಚುತ್ತಾರೆ. ಕೆಂಪು ಹನಿ ಮೆಲ್ಲಗೆ ಮೂಡಿದರೆ ನೆಮ್ಮದಿ. ಕಪ್ಪು ರಕ್ತ ಒಮ್ಮೆಲೇ ಬಂದರೆ, ಅಥವಾ ಏನೂ ಬಾರದಿದ್ದರೆ, ಆ ಹೊತ್ತಿಗೇ ಸರ್ಜನ್ನರಿಗೆ ಫೋನು. ಕೆಲವೇ ಗಂಟೆಯಲ್ಲಿ ಥಿಯೇಟರಿಗೆ ಒಯ್ದು ಹೆಪ್ಪು ತೆಗೆದರೆ ಉಳಿಯುವ ಸಾಧ್ಯತೆಯಿದೆ, ತಡವಾದರೆ ಎಲುಬೂ ಹೋಯಿತು, ಚರ್ಮವೂ ಹೋಯಿತು. ತೊಂದರೆ ಬರುವುದಾದರೆ ಬಹುಪಾಲು ಮೊದಲ ಎರಡು ಮೂರು ದಿನದಲ್ಲೇ. ನಮ್ಮ ಮೈಬಣ್ಣದಲ್ಲಿ ಈ ಬದಲಾವಣೆ ಬಿಳಿಯರ ಚರ್ಮದಷ್ಟು ಸುಲಭವಾಗಿ ಕಾಣುವುದಿಲ್ಲ. ‘ನೀಲಿ ಆದ್ಮೇಲೆ ಎಲ್ರಿಗೂ ಕಾಣತ್ತೆ ಸಾರ್, ಆಗೋಕ್ಕೆ ಮುಂಚೆ ಕಾಣ್ಬೇಕು’ ಎಂದು ಸಿಸ್ಟರ್ ಡಾಪ್ಲರಿನ ಕಡ್ಡಿಯನ್ನು ಕುತ್ತಿಗೆಗೆ ತಾಗಿಸಿದರು. ತಿದಿ ಒತ್ತಿದಂತೆ ಬುಸ್, ಬುಸ್ ಎಂದಿತು. ಎಂಟು ಹತ್ತು ತಾಸು ನಿಂತು ಮಾಡಿದ ಸರ್ಜರಿಯ ಫಲ ಆ ಸದ್ದಿನಲ್ಲಿದೆ.

ಆ ಸರ್ಜರಿಯನ್ನು ನಾನು ನೋಡಿಲ್ಲ, ಕೇಳಿದ್ದಿಷ್ಟು. ಮೊಣಕಾಲಿನ ಕೆಳಗೆ ಎರಡು ಎಲುಬುಗಳಿವೆ. ಮೈಭಾರವೆಲ್ಲ ಹೆಚ್ಚುಕಡಿಮೆ ದಪ್ಪದ್ದರ ಮೇಲೆ. ಹೊರಬದಿಯ ತೆಳ್ಳನೆಯದರಲ್ಲಿ, ಎರಡೂ ಕೀಲುಗಳ ಬಳಿ ಸುಮಾರು 6 ಸೆಂಟಿಮೀಟರ್ ಉಳಿಸಿ, ನಡುವಿನದನ್ನು ರಕ್ತನಾಳದ ಸಮೇತ ತೆಗೆಯುತ್ತಾರೆ. ನೆಟ್ಟಗಿನ ಎಲುಬನ್ನು ಅಲ್ಲಲ್ಲಿ ಕೊಯ್ದು, ಗದ್ದದ ತಿರುವಿಗೆ ಬಗ್ಗಿಸಿ, ಟೈಟೇನಿಯಂ ಪಟ್ಟಿಗೆ ಸ್ಕ್ರೂ ಬಿಗಿಯುತ್ತಾರೆ. ಆಮೇಲೆ ಎರಡು ಮೂರು ಮಿಲಿಮೀಟರ್ ಅಗಲದ ರಕ್ತನಾಳವನ್ನು ಕುತ್ತಿಗೆಯ ನಾಳಕ್ಕೆ ಮೈಕ್ರೋಸ್ಕೋಪಿನಡಿ ಜೋಡಿಸಬೇಕು. ಹೊಲಿಯುವ ದಾರ ತಲೆಗೂದಲಿಗಿಂತ ಸಣ್ಣದು.

ಚರಿತ್ರೆ ಹೇಳಿದವರು ನಿವೃತ್ತ ಸರ್ಜನ್ ಒಬ್ಬರು, ಶುರುಮಾಡಿದ್ದೇ ಟಿಪ್ಪುವಿನಿಂದ. 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಗಾಡಿ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠ ಟಿಪ್ಪುವಿನ ಕೈಗೆ ಸೆರೆಸಿಕ್ಕ. ಮೂಗು ಮತ್ತು ಒಂದು ಕೈ ಕತ್ತರಿಸಿ ಕಳಿಸಿದರು. ಪುಣೆಯ ಹತ್ತಿರದ, ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕಸುಬುದಾರ ಮೇಣದ ಅಚ್ಚು ಇಟ್ಟು, ಹಣೆಯ ಚರ್ಮ ಇಳಿಸಿ ಅವನಿಗೆ ಮೂಗು ಕಟ್ಟಿದ. ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ 1794ರ ಅಕ್ಟೋಬರಿನಲ್ಲಿ ಅದನ್ನು ಚಿತ್ರದ ಜೊತೆ ಅಚ್ಚು ಹಾಕಿತು. ಯುರೋಪಿನ ಸರ್ಜನ್ನರು ಕಲಿತದ್ದು ಅದರಿಂದ. 1963ರಲ್ಲಿ ಗ್ಲಾಸ್ಗೋದ ಇಯಾನ್ ಮೆಕ್‌ಗ್ರೆಗರ್ ಅದೇ ಹಣೆಯ ಚರ್ಮವನ್ನು ಕ್ಯಾನ್ಸರ್ ತೆಗೆದ ಬಾಯೊಳಗೆ ಇಳಿಸಿದರು. ಕೆನ್ನೆ ಉಳಿಯಿತು, ಹಣೆಯ ಮೇಲೆ ಜನ್ಮಕ್ಕಾಗುವ ಕಲೆ ಬಿತ್ತು. ಕಾಲಿನೆಲುಬಿನಿಂದ ದವಡೆ ಕಟ್ಟಿದ್ದನ್ನು ನ್ಯೂಯಾರ್ಕಿನ ಡೇವಿಡ್ ಹಿಡಾಲ್ಗೊ ಪ್ರಕಟಿಸಿದ್ದು 1989ರಲ್ಲಿ. ಅದಕ್ಕೂ ಮೊದಲು ಗದ್ದದ ಎಲುಬು ತೆಗೆದವರ ಕೆಳತುಟಿ ಕುಸಿದು, ನಾಲಿಗೆ ಹಿಂದಕ್ಕೆ ಬಿದ್ದು, ಹಗಲೂ ರಾತ್ರಿ ಜೊಲ್ಲು ಸುರಿಯುತ್ತಿತ್ತು. ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಮದುವೆ ಮುಂಜಿ ಬಿಟ್ಟು, ಹಿತ್ತಲಲ್ಲಿ ಊಟ ಮಾಡುವವರನ್ನು ಈ ಹಿರಿಯರು ಬೇಕಾದಷ್ಟು ಕಂಡಿದ್ದಾರೆ. ದವಡೆ ಕಟ್ಟುವುದನ್ನು ಈಗಲೂ ಅಂದಚೆಂದದ ಸರ್ಜರಿ ಎನ್ನುವವರಿದ್ದಾರಲ್ಲ, ಅವರು ಆ ಹಿತ್ತಲನ್ನು ನೋಡಬೇಕಿತ್ತು.

ಎಲ್ಲ ಆಸ್ಪತ್ರೆಯಲ್ಲೂ ಇದು ಆಗುವುದಿಲ್ಲ. ಮೈಕ್ರೋಸ್ಕೋಪ್ ಬೇಕು, ಎರಡು ತಂಡ ಬೇಕು, ಇಡೀ ದಿನ ಥಿಯೇಟರ್ ಬೇಕು. ಸಾಲಿನಲ್ಲಿ ರೋಗಿಗಳು ಕಾಯುತ್ತಿರುವಲ್ಲಿ 1979ರಲ್ಲಿ ಅಮೆರಿಕದ ಸ್ಟೀಫನ್ ಏರಿಯನ್ ತೋರಿಸಿದ ದಾರಿಯೇ ಗತಿ: ಎದೆಯ ಸ್ನಾಯುವನ್ನು ಚರ್ಮದ ಸಮೇತ ಎಬ್ಬಿಸಿ, ಅದರ ರಕ್ತನಾಳ ಕತ್ತರಿಸದೆ, ಕೊರಳೆಲುಬಿನ ಮೇಲಿಂದ ಬಾಯಿಗೆ ತರುವುದು. ಬೇಗ ಮುಗಿಯುತ್ತದೆ, ನಾಳ ಜೋಡಿಸುವ ಗೊಡವೆಯಿಲ್ಲ. ಅದನ್ನು ಕೀಳೆಂದು ಯಾವ ಸರ್ಜನ್ನರೂ ಹೇಳಲಿಲ್ಲ. ಆದರೆ ಅದರಲ್ಲಿ ಎಲುಬಿಲ್ಲ, ಗಂಡಸರಾದರೆ ಎದೆಗೂದಲು ಬಾಯೊಳಗೇ ಬೆಳೆಯುತ್ತದೆ. ಇನ್ನು ರೋಗಿಗಳ ಆ ಸಾಲಿನ ಮಾತು: ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಸಾರಿದ್ದರೂ, ರಾಜ್ಯ 2013ರಲ್ಲೇ ಗುಟ್ಕಾ ನಿಷೇಧಿಸಿದ್ದರೂ, ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಎಂದು ಗೂಡಂಗಡಿಯಲ್ಲಿ ಜೋಡಿಯಾಗಿ ತೂಗುತ್ತಿವೆ. ಕಾಯುವ ಸಾಲು ಕರಗುವ ಲಕ್ಷಣವಿಲ್ಲ.

ಸಿಸ್ಟರ್‌ಗೆ ಇರುವ ಬೇಸರ ಬೇರೆ. ಕಣ್ಣು ಪಳಗುವಷ್ಟರಲ್ಲಿ ನರ್ಸ್ ಹುಡುಗಿಯರನ್ನು ಬೇರೆ ವಾರ್ಡಿಗೆ ಹಾಕುತ್ತಾರಂತೆ. ವಿದೇಶದ ಪರೀಕ್ಷೆ ಪಾಸಾದವರು ರಾಜೀನಾಮೆ ಕೊಟ್ಟು ವಿಮಾನ ಹತ್ತುತ್ತಾರೆ. ಬೇಡ ಎನ್ನಲು ಬಾಯಿ ಬರುವುದಿಲ್ಲ, ಸಂಬಳ ಗೊತ್ತಲ್ಲ ಎಂದರು.

ಚೆಕಪ್ಪಿಗೆ ಬಂದವರು ಐಸಿಯು ಬಾಗಿಲಿಗೂ ಬಂದು ಇವರನ್ನು ಮಾತಾಡಿಸುತ್ತಾರೆ. ಹೊಸ ದವಡೆಯಲ್ಲಿ ಸ್ಕ್ರೂ ಹಲ್ಲು ಕೂರಿಸಬಹುದು, ಕಾಲಿನೆಲುಬಿಗೆ ಆ ಬಲವಿದೆ. ಆದರೆ ರೇಡಿಯೇಷನ್ ಮುಗಿಯುವ ಹೊತ್ತಿಗೆ ಹಣವೂ ಮುಗಿದಿರುತ್ತದೆ. ಹಲ್ಲಿನವರೆಗೆ ತಲುಪುವವರು ಕಡಿಮೆ. ಮಂಡ್ಯ, ತುಮಕೂರು ಕಡೆಯವರು ಹೇಗೋ ನಿಭಾಯಿಸುತ್ತಾರೆ, ಮುದ್ದೆಯನ್ನು ಅಗಿಯುವವರು ಯಾರಿದ್ದಾರೆ? ಸಾರಿಗೆ ಅದ್ದಿ ನುಂಗಿದರಾಯಿತು. ಕಷ್ಟ ವಿಜಯಪುರ, ಕಲಬುರಗಿಯವರಿಗೆ. ಕಳೆದ ಸಲ ಬಂದಿದ್ದ ಅಜ್ಜ, ಸೊಸೆ ಜೋಳದ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕೊಡುತ್ತಾಳೆ ಎಂದರಂತೆ. ರುಚಿ ಹೇಗಿದೆ ಅಜ್ಜ ಎಂದು ಕೇಳಿದ್ದಕ್ಕೆ, ‘ರೊಟ್ಟಿ ಕಟಂ ಅನಬೇಕವ್ವಾ’ ಎಂದರು.